ಪೈರುಗಳ ಊರ ಹೆಸರು ಮತ್ತು ಶಾಸ್ತ್ರೀಯ ನಾಮ
(ಹಿಡುವಳಿದಾರರಿಗಾಗಿ ಉಪನ್ಯಾಸ)



ಹೊಲಗಳಿಗೆ ಎರಡು ಬಗೆಯ ಗುರುತುಗಳಿರುವುದನ್ನು ಹಿಡುವಳಿದಾರರೆಲ್ಲರೂ ಬಲ್ಲರು. ಮನೆಮಂದಿಯ ಮಾತಿನಲ್ಲಿ ಅದು ‘ಆಲದ ಮರದ ಹೊಲ’ ಅಥವಾ ‘ಕೆರೆಯ ಹಿಂದಿನ ಹೊಲ’. ಕ್ರಯಪತ್ರದಲ್ಲಿ ಮಾತ್ರ ಸರ್ವೆ ನಂಬರು. ಆಲದ ಮರದ ಹೊಲವು ಪಕ್ಕದ ಊರಿನಲ್ಲಿಯೂ ಇರಬಹುದು. ಮರವು ಬಿದ್ದುಹೋದ ಮೇಲೂ ಹೆಸರು ಉಳಿಯುವುದುಂಟು. ಆದುದರಿಂದ ವ್ಯಾಜ್ಯವು ಹುಟ್ಟಿದಾಗ ನಂಬರನ್ನೇ ನೋಡುವರು. ಪೈರುಗಳ ವಿಷಯದಲ್ಲಿ ಈ ನಂಬರಿನ ಕೆಲಸವನ್ನು ಮಾಡತಕ್ಕದ್ದು ಶಾಸ್ತ್ರೀಯ ನಾಮ.

ಇದರ ಅವಶ್ಯಕತೆಯು ಕಿರುಧಾನ್ಯಗಳಲ್ಲಿ ಎದ್ದು ಕಾಣುವುದು. ಕನ್ನಡದ ಬರಗನ್ನು ತೆಲುಗರು ವರಿಗ ಎನ್ನುವರು, ಇಲ್ಲಿ ತೊಡಕಿಲ್ಲ. ತಮಿಳರು ವರಗು ಎಂದು ಕರೆಯುವುದಾದರೋ ಬೇರೊಂದು ಧಾನ್ಯ, ಅಂದರೆ ಕನ್ನಡದ ಹಾರಕ. ಬರಗಿಗೆ ಅವರಲ್ಲಿ ಪನಿವರಗು ಎಂದು ಹೆಸರು. ಸಾಲದುದಕ್ಕೆ ರಾಗಿಯನ್ನೂ ಕೇಳ್ವರಗು ಎನ್ನುವರು. ತಮಿಳಿನ ವಕಾರವು ಕನ್ನಡದಲ್ಲಿ ಬಕಾರವಾಗುವುದು ವಾಡಿಕೆಯಾದುದರಿಂದ, ಬರಗು ವರಗುಗಳೆರಡೂ ಒಂದೇ ಎಂದು ಬಗೆಯುವವರನ್ನು ತಪ್ಪುಗಾರರೆನ್ನಲಾಗದು.

ಆದರೆ ಹೊಲವು ಈ ತಪ್ಪನ್ನು ಮನ್ನಿಸುವುದಿಲ್ಲ. ಮುಂಗಾರು ಕೈಕೊಟ್ಟು, ಮಳೆಯು ತಡವಾಗಿ ಬಂದಿತೆಂದಿಟ್ಟುಕೊಳ್ಳಿರಿ. ಕೋಲಾರದ ಕಡೆಯ ಹಿಡುವಳಿದಾರನೊಬ್ಬನು ಬೇಗನೆ ಬರುವ ಬರಗನ್ನು ಬಿತ್ತಲು ನಿಶ್ಚಯಿಸಿ, ಗಡಿಯಾಚೆಯಿಂದ ‘ವರಗು’ ಬೀಜವನ್ನು ತರಿಸುವನು. ಬರಗು ಸುಮಾರು 70ರಿಂದ 75 ದಿವಸಗಳಲ್ಲಿ ಕೊಯ್ಲಿಗೆ ಬರತಕ್ಕದ್ದು. ಹಾರಕಕ್ಕೆ ಹೆಚ್ಚು ಕಡಮೆ 4 ತಿಂಗಳು ಬೇಕು. ತೆನೆಯು ಕಾಳುಕಟ್ಟುವ ಮೊದಲೇ ನೆಲದ ತೇವವು ಆರಿಹೋಗುವುದು. ಮಾರಿದವನಲ್ಲಿ ಮೋಸವಿಲ್ಲ, ಕೇಳಿದುದನ್ನೇ ಅವನು ಕೊಟ್ಟಿರುವನು. ಆದರೂ ಆ ಮನೆಯ ಒಂದು ವರ್ಷದ ಅನ್ನಕ್ಕೆ ಸಂಚಕಾರ ಬಂದಿತು. ಅಷ್ಟೇ ಅಲ್ಲ: ಮಳೆಯಲ್ಲಿ ನೆನೆದು ಬೂಷ್ಟು ಹಿಡಿದ ಹಾರಕವನ್ನು ತಿಂದರೆ ಮತ್ತು, ವಾಂತಿ, ನಡುಕಗಳುಂಟಾಗುವುವು. ಬರಗೆಂದು ನಂಬಿ ಅದನ್ನು ಉಂಡವನಿಗೆ ಈ ಎಚ್ಚರಿಕೆಯು ತಿಳಿಯುವುದಾದರೂ ಹೇಗೆ?

ಸ್ವೀಡನ್ ದೇಶದ ಲಿನೇಯಸ್ ಪಂಡಿತನು 1753ರಲ್ಲಿ ಪ್ರಕಟಿಸಿದ ಸಸ್ಯಗ್ರಂಥದಲ್ಲಿ ಪ್ರತಿಯೊಂದು ಗಿಡಕ್ಕೂ ಎರಡು ಪದಗಳ ಹೆಸರನ್ನು ಕೊಟ್ಟನು. ಮೊದಲನೆಯದು ಕುಲವನ್ನೂ, ಎರಡನೆಯದು ಆ ಕುಲದಲ್ಲಿನ ಜಾತಿಯನ್ನೂ ಸೂಚಿಸುವುದು. ಬರಗು ಪಾನಿಕಂ ಮಿಲಿಯೇಸಿಯಂ. ಹಾರಕವು ಪಾಸ್ಪಲಂ ಸ್ಕ್ರೊಬಿಕ್ಯುಲೇಟಂ. ಕುಲವೇ ಬೇರೆ ಎಂಬುದು ಮೊದಲನೆಯ ಪದದಿಂದಲೇ ವಿಶದವಾಗುವುದು.

ಪಾವಗಡ, ಮಧುಗಿರಿಗಳ ಕಡೆಯಲ್ಲಿ ಇಂಥದೇ ಇನ್ನೊಂದು ತೊಡಕುಂಟು. ತೆಲುಗಿನ ಕೊರ್ರವು ಕನ್ನಡದ ನವಣೆ, ಕೊರಲೆಯಲ್ಲ. ನವಣೆಯದು ನರಿಯ ಬಾಲದಂಥ ಒತ್ತಾದ ತೆನೆ. ಕೊರಲೆಯದು ಕವಲುಕವಲಾಗಿ ಬಿಚ್ಚಿಕೊಂಡಿರುವ ತೆನೆ. ನವಣೆಯು ಸೆಟೇರಿಯ ಇಟಾಲಿಕ. ಕೊರಲೆಯನ್ನು ಲಿನೇಯಸನು ಪಾನಿಕಂ ರಾಮೋಸಂ ಎಂದನು. ಬಳಿಕ ಅದು ಬ್ರಾಕಿಯೇರಿಯ ರಾಮೋಸ ಎನಿಸಿ, ಈಗ ಯುರೊಕ್ಲೋವ ರಾಮೋಸ ಎಂದೂ ಬರೆಯಲ್ಪಡುತ್ತಿದೆ. ಪಂಡಿತರೂ ಹೆಸರನ್ನು ಬದಲಾಯಿಸುವರಲ್ಲಾ ಎಂದು ನಗುವವರಿಗೆ ಕಾರಣವಿಲ್ಲದಿಲ್ಲ. ಆದರೆ ಹಿಸ್ಸೆಯಾದ ಜಮೀನಿನ ಹಳೆಯ ನಂಬರು ದಾಖಲೆಯಲ್ಲಿ ಉಳಿಯುವಂತೆ ಹಳೆಯ ಹೆಸರೂ ಉಳಿಯುವುದು. ‘ಕವಲುಳ್ಳದ್ದು’ ಎಂಬರ್ಥದ ಎರಡನೆಯ ಪದವು ಮೂರರಲ್ಲಿಯೂ ಇರುವುದನ್ನು ಗಮನಿಸಬಹುದು.

ಊರ ಹೆಸರುಗಳು ಹೀನವೆಂದು ಇದರ ಅಭಿಪ್ರಾಯವಲ್ಲ. ಮೈಸೂರು ಸೀಮೆಯ ಕಾಫಿ ತೋಟಗಳನ್ನು ಕೆಡಿಸುತ್ತಿದ್ದ ಬೂಷ್ಟಿಗೆ ಆಂಗ್ಲ ಪಂಡಿತನಾದ ಕುಕ್ ಎಂಬಾತನು 1876ರಲ್ಲಿ ಪೆಲ್ಲಿಕ್ಯುಲೇರಿಯ ಕೊಳೆರೋಗ ಎಂದೇ ಹೆಸರಿಟ್ಟನು. ಕನ್ನಡದ ಮಾತು ಹಾಗೆಯೇ ಶಾಸ್ತ್ರವನ್ನು ಸೇರಿತು. ಅಡಕೆಗೆ ಬರುವ ಕೊಳೆರೋಗವು ಮಾತ್ರ ಬೇರೆ. ಕೋಲ್ಮನ್ ಸಾಹೇಬರು ಮಲೆನಾಡಿನಲ್ಲಿ ಪರೀಕ್ಷಿಸಿ, ಮೈಲುತುತ್ತ ಸುಣ್ಣಗಳ ದ್ರಾವಣವನ್ನು ಗೊನೆಗಳಿಗೆ ಸಿಂಪಡಿಸುವ ಕ್ರಮವನ್ನು ರೂಢಿಗೆ ತಂದ ಆ ರೋಗಕ್ಕೆ ಕಾರಣವು ಫೈಟಾಫ್ತೊರ ಎಂಬ ಕುಲದ್ದು.

ಗ್ರಾಮದ ಮುಖಂಡರು ಹೊರಗಿನಿಂದ ಬೀಜವನ್ನು ತರಿಸುವಾಗ ಊರ ಹೆಸರಿನೊಡನೆ ಶಾಸ್ತ್ರೀಯ ನಾಮವನ್ನೂ ಬರೆಯತಕ್ಕದ್ದು. ಅದು ತಿಳಿಯದಿದ್ದಲ್ಲಿ, ಬೆಳೆದ ಪೈರಿನ ಒಂದು ತೆನೆಯನ್ನು ಎಲೆದಂಟುಗಳ ಸಹಿತವಾಗಿ ನೆರಳಿನಲ್ಲಿ ಒಣಗಿಸಿ, ಕಾಗದದಲ್ಲಿ ಮಡಿಸಿ, ಊರು, ಬಿತ್ತಿದ ತಿಂಗಳು, ಅಲ್ಲಿ ಆಡುವ ಹೆಸರು ಇವಿಷ್ಟನ್ನು ಅದರ ಮೇಲೆ ಬರೆದು ಕೃಷಿ ಕಚೇರಿಗೆ ಒಪ್ಪಿಸಬಹುದು. ಬರಿಯ ಕಾಳನ್ನು ಕಳುಹಿಸಿದರೆ ಸಾಲದು. ಸಿಪ್ಪೆ ತೆಗೆದ ಕಿರುಧಾನ್ಯಗಳನ್ನು ನುರಿತವರೂ ಬೇರ್ಪಡಿಸಲು ಕಷ್ಟಪಡುವರು.