ದ್ವೀಪವೊಂದನ್ನು ಆರಿಸಿಕೊಳ್ಳುವ ಮೊದಲು



ರಜೆಯಲ್ಲಿ ಯಾವುದಾದರೂ ದ್ವೀಪಕ್ಕೆ ಹೋಗಿಬರಬೇಕೆಂಬ ಆಸೆ ಯಾರಿಗಿಲ್ಲ? ಕ್ಯಾಲೆಂಡರಿನ ಚಿತ್ರಗಳಲ್ಲಿ ಎಲ್ಲ ದ್ವೀಪಗಳೂ ಒಂದೇ ಬಗೆಯಾಗಿ ಕಾಣುತ್ತವೆ. ಬಾಗಿದ ತೆಂಗಿನ ಮರ, ಬಿಳಿಯ ಮರಳು, ನೀಲಿ ನೀರು. ಆದರೆ ಪ್ರತಿಯೊಂದು ದ್ವೀಪಕ್ಕೂ ಅದರದೇ ಆದ ಹುಟ್ಟು ಇದೆ, ಚರಿತ್ರೆ ಇದೆ, ಅದು ತಾಳಿಕೊಳ್ಳಬಲ್ಲ ಭಾರಕ್ಕೊಂದು ಮಿತಿಯೂ ಇದೆ. ಈ ಮೂರನ್ನೂ ತಿಳಿದು ಆರಿಸಿಕೊಂಡರೆ ಪ್ರವಾಸ ಸಾರ್ಥಕ. ನಮ್ಮ ಅಂಡಮಾನನ್ನೇ ಉದಾಹರಣೆಯಾಗಿ ನೋಡೋಣ.

ಅಂಡಮಾನ್ ಇರುವುದು ಬಂಗಾಳ ಕೊಲ್ಲಿಯಲ್ಲಿ, ಚೆನ್ನೈನಿಂದ ಸುಮಾರು 1,350 ಕಿಲೋಮೀಟರ್ ದೂರದಲ್ಲಿ. ಮ್ಯಾನ್ಮಾರ್ ದೇಶದ ಅರಾಕಾನ್ ಪರ್ವತ ಶ್ರೇಣಿ ಸಮುದ್ರದೊಳಗೆ ಇಳಿದು ದಕ್ಷಿಣಕ್ಕೆ ಮುಂದುವರಿಯುತ್ತದೆ. ಆ ಮುಳುಗಿದ ಶ್ರೇಣಿಯ ನೀರಿನಿಂದ ಮೇಲೆದ್ದ ಶಿಖರಗಳೇ ಈ ದ್ವೀಪಗಳು. ಇಲ್ಲಿ ಭಾರತದ ಭೂಫಲಕವು ಪೂರ್ವದ ಫಲಕದ ಅಡಿಗೆ ಸರಿಯುತ್ತಿದೆ. ದೇಶದ ಏಕೈಕ ಸಕ್ರಿಯ ಜ್ವಾಲಾಮುಖಿಯಾದ ಬ್ಯಾರನ್ ದ್ವೀಪ ಇಲ್ಲಿರುವುದು ಈ ಕಾರಣದಿಂದಲೇ. 2004ರ ಡಿಸೆಂಬರ್ 26ರ ಭೂಕಂಪ ಮತ್ತು ಸುನಾಮಿಗೂ ಇದೇ ಕಾರಣ. ಅಂದು ಉತ್ತರ ಅಂಡಮಾನಿನಲ್ಲಿ ನೆಲ ಮೇಲೆದ್ದು, ಹವಳದ ದಿಬ್ಬಗಳು ನೀರಿನಿಂದ ಹೊರಬಿದ್ದು ಸತ್ತವು. ನಿಕೋಬಾರಿನ ತುದಿಯಲ್ಲಿರುವ ಇಂದಿರಾ ಪಾಯಿಂಟ್ ನಾಲ್ಕು ಮೀಟರಿಗೂ ಹೆಚ್ಚು ಕೆಳಕ್ಕೆ ಕುಸಿಯಿತು.

ಇನ್ನು ಯಾವಾಗ ಹೋಗಬೇಕು? ವರ್ಷಕ್ಕೆ ಸುಮಾರು 3,000 ಮಿಲಿಮೀಟರ್ ಮಳೆ ಬೀಳುವ ನಾಡು ಅದು. ಡಿಸೆಂಬರಿನಿಂದ ಏಪ್ರಿಲ್‌ವರೆಗೆ ಸಮುದ್ರ ಶಾಂತವಾಗಿರುತ್ತದೆ. ದಿನಚರಿಯನ್ನೂ ಬದಲಿಸಿಕೊಳ್ಳಬೇಕು. ಭೂಮಿ ಗಂಟೆಗೆ 15 ಡಿಗ್ರಿ ತಿರುಗುತ್ತದೆಂದು ನೀವು ಓದಿದ್ದೀರಿ. ಅಂಡಮಾನ್ ಬೆಂಗಳೂರಿಗಿಂತ ಸುಮಾರು 15 ಡಿಗ್ರಿ ಪೂರ್ವಕ್ಕಿದೆ. ಗಡಿಯಾರ ಮಾತ್ರ ಎರಡೂ ಕಡೆ ಒಂದೇ. ಹಾಗಾಗಿ ಅಲ್ಲಿ ಹೆಚ್ಚುಕಡಿಮೆ ಒಂದು ಗಂಟೆ ಮೊದಲೇ ಬೆಳಗಾಗುತ್ತದೆ, ಒಂದು ಗಂಟೆ ಮೊದಲೇ ಕತ್ತಲಾಗುತ್ತದೆ. ತಡವಾಗಿ ಏಳುವವರಿಗೆ ಅರ್ಧ ದಿನವೇ ನಷ್ಟ.

ಮೊದಲ ದಿನವನ್ನು ಚರಿತ್ರೆಗೆ ಕೊಡಿ. 2024ರಲ್ಲಿ ಶ್ರೀ ವಿಜಯ ಪುರಂ ಎಂದು ಹೆಸರು ಪಡೆದ ಪೋರ್ಟ್ ಬ್ಲೇರ್‌ನಲ್ಲಿ ಸೆಲ್ಯುಲರ್ ಜೈಲಿದೆ. 1896ರಲ್ಲಿ ಆರಂಭವಾದ ಇದರ ನಿರ್ಮಾಣ 1906ರಲ್ಲಿ ಮುಗಿಯಿತು. ನಡುವಿನ ಗೋಪುರದಿಂದ ಚಕ್ರದ ಅರಗಳಂತೆ ಏಳು ಸಾಲು ಕೋಣೆಗಳು ಹೊರಟಿದ್ದವು. ಈಗ ಉಳಿದಿರುವುದು ಮೂರು. ಒಂದು ಸಾಲಿನ ಮುಂಭಾಗ ಮತ್ತೊಂದು ಸಾಲಿನ ಬೆನ್ನನ್ನು ನೋಡುತ್ತದೆ. ಒಬ್ಬ ಕೈದಿಗೆ ಇನ್ನೊಬ್ಬನ ಮುಖ ಕಾಣಬಾರದೆಂಬುದೇ ಈ ಯೋಜನೆಯ ಉದ್ದೇಶ. 1933ರ ಉಪವಾಸ ಮುಷ್ಕರದಲ್ಲಿ ಮಹಾವೀರ್ ಸಿಂಗ್, ಮೋಹನ್ ಕಿಶೋರ್ ನಾಮದಾಸ್, ಮೋಹಿತ್ ಮೈತ್ರ ಇಲ್ಲೇ ಪ್ರಾಣ ಬಿಟ್ಟರು. ಆ ಕೋಣೆಯೊಳಗೆ ಒಂದು ನಿಮಿಷ ಸುಮ್ಮನೆ ನಿಂತು ನೋಡಿ. ಹೊರಗಿನ ನೀಲಿ ಸಮುದ್ರ ಅವರಿಗೆ ಏನಾಗಿತ್ತೆಂಬುದು ಅರ್ಥವಾಗುತ್ತದೆ.

ಕಡಲತೀರ ಬೇಕೆಂದರೆ ದೋಣಿಯಲ್ಲಿ ಸುಮಾರು 40 ಕಿಲೋಮೀಟರ್ ಸಾಗಿ ಸ್ವರಾಜ್ ದ್ವೀಪಕ್ಕೆ ಹೋಗಿ. 2018ರವರೆಗೆ ಇದರ ಹೆಸರು ಹ್ಯಾವ್‌ಲಾಕ್. ಇಲ್ಲಿನ ರಾಧಾನಗರ ತೀರ ಪಶ್ಚಿಮಕ್ಕೆ ಮುಖ ಮಾಡಿರುವುದರಿಂದ ಸೂರ್ಯಾಸ್ತ ಸೊಗಸಾಗಿ ಕಾಣುತ್ತದೆ. ಕೆಲವು ತೀರಗಳಲ್ಲಿ ಉಪ್ಪುನೀರಿನ ಮೊಸಳೆಗಳಿವೆ. ಎಚ್ಚರಿಕೆಯ ಫಲಕವಿರುವಲ್ಲಿ ನೀರಿಗಿಳಿಯಬೇಡಿ.

ನಿಸರ್ಗವನ್ನು ನೋಡಲು ವಂಡೂರಿನ ಮಹಾತ್ಮ ಗಾಂಧಿ ಸಾಗರ ರಾಷ್ಟ್ರೀಯ ಉದ್ಯಾನಕ್ಕೆ ಹೋಗಬೇಕು. ಹವಳವೆಂದರೆ ಕಲ್ಲಲ್ಲ, ಸಣ್ಣ ಸಣ್ಣ ಜೀವಿಗಳ ಕಾಲೊನಿ. ಅವುಗಳ ಒಡಲಲ್ಲಿ ಸೂಕ್ಷ್ಮ ಪಾಚಿ ಬಾಳುತ್ತದೆ. ಹವಳಕ್ಕೆ ಬಣ್ಣ, ಆಹಾರ ಎರಡನ್ನೂ ಕೊಡುವುದು ಅದೇ. ನೀರು ಮಿತಿಮೀರಿ ಬಿಸಿಯಾದರೆ ಹವಳ ಪಾಚಿಯನ್ನು ಹೊರಹಾಕಿ ಬಿಳಿಚಿಕೊಳ್ಳುತ್ತದೆ. ಬಿಸಿ ಹೀಗೆಯೇ ಮುಂದುವರಿದರೆ ಸಾಯುತ್ತದೆ. 1998ರಲ್ಲಿಯೂ 2010ರಲ್ಲಿಯೂ ಅಂಡಮಾನಿನಲ್ಲಿ ಹೀಗಾಯಿತು. ಉದ್ಯಾನದ ಜಾಲಿ ಬಾಯ್ ಮತ್ತು ರೆಡ್ ಸ್ಕಿನ್ ದ್ವೀಪಗಳನ್ನು ಸರದಿಯ ಮೇಲೆ ತೆರೆಯುತ್ತಾರೆ. ಒಂದಕ್ಕೆ ಜನ ಬಂದಾಗ ಇನ್ನೊಂದಕ್ಕೆ ವಿಶ್ರಾಂತಿ. ಅಲ್ಲಿಗೆ ಪ್ಲಾಸ್ಟಿಕ್ ಒಯ್ಯುವಂತಿಲ್ಲ. ಹವಳದ ಮೇಲೆ ಕಾಲಿಡಬೇಡಿ, ನೆನಪಿಗೆಂದು ಒಂದು ಚೂರನ್ನೂ ತರಬೇಡಿ.

ಕೊನೆಯದಾಗಿ, ಎಲ್ಲಿಗೆ ಹೋಗಬಾರದು ಎಂಬುದೂ ಆಯ್ಕೆಯ ಒಂದು ಭಾಗ. ಉತ್ತರ ಸೆಂಟಿನೆಲ್ ದ್ವೀಪಕ್ಕೆ ಪ್ರವೇಶ ನಿಷಿದ್ಧ. ಹೊರಗಿನವರ ಸಂಪರ್ಕ ಬೇಡವೆಂದು ಅಲ್ಲಿನ ಜನ ಸ್ಪಷ್ಟವಾಗಿಯೇ ತಿಳಿಸಿದ್ದಾರೆ. ನಮಗೆ ಸಾಮಾನ್ಯವಾದ ಸೋಂಕು ಅವರಿಗೆ ಮಾರಕವಾಗಬಹುದು. ಮುಖ್ಯ ದ್ವೀಪದ ಹೆದ್ದಾರಿ ಜಾರವಾ ಜನರ ಕಾಡಿನ ನಡುವೆ ಹಾದುಹೋಗುತ್ತದೆ. ಪ್ರವಾಸಿಗರೆದುರು ಜಾರವಾ ಹೆಣ್ಣುಮಕ್ಕಳನ್ನು ಕುಣಿಸಿದ ವಿಡಿಯೋ 2012ರಲ್ಲಿ ಬೆಳಕಿಗೆ ಬಂದಾಗ ದೇಶವೇ ತಲೆತಗ್ಗಿಸಬೇಕಾಯಿತು. ಅವರ ಚಿತ್ರ ತೆಗೆಯುವುದು ಕಾನೂನಿನ ಪ್ರಕಾರ ಅಪರಾಧ. ಕ್ಯಾಮೆರಾವನ್ನೇ ನಂಬಿ ಬದುಕುವ ವೃತ್ತಿ ನನ್ನದು. ಆದರೂ ಹೇಳುತ್ತೇನೆ, ಕ್ಯಾಮೆರಾ ಮುಚ್ಚಿಡಬೇಕಾದ ಸ್ಥಳಗಳು ಈ ಲೋಕದಲ್ಲಿವೆ.

ನಾಳೆ ನೀವು ಯಾವ ದ್ವೀಪಕ್ಕೆ ಹೊರಟರೂ ಮೂರು ಪ್ರಶ್ನೆ ಕೇಳಿಕೊಳ್ಳಿ. ಇದು ಹೇಗೆ ಹುಟ್ಟಿತು? ಇಲ್ಲಿ ಯಾರು ಬಾಳಿದರು, ಯಾರು ನೊಂದರು? ನಾನು ಬಂದುಹೋದ ಮೇಲೆ ಇದು ಹೇಗಿರುತ್ತದೆ? ಉತ್ತರ ಹುಡುಕುತ್ತ ಅಟ್ಲಾಸ್ ತೆರೆದರೆ ಸಾಕು, ನಿಮ್ಮ ಪ್ರವಾಸ ಆರಂಭವಾದಂತೆಯೇ.