ಆಲೂಗಡ್ಡೆಯ ಏರಿಳಿತ ಮತ್ತು 4.669



ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ರೈತರಿಗೆ ಹೊಸತಲ್ಲದ ಮಾತೊಂದಿದೆ. ಆಲೂಗಡ್ಡೆಗೆ ಒಳ್ಳೆಯ ಬೆಲೆ ಬಂದರೆ ಮರುವರ್ಷದ ಮುಂಗಾರಿಗೆ ಊರಿಗೆ ಊರೇ ಬಿತ್ತನೆಗೆ ಇಳಿಯುತ್ತದೆ. ಬೆಳೆ ಹೆಚ್ಚಿ ಬೆಲೆ ಕುಸಿಯುತ್ತದೆ. ಅದರ ಮುಂದಿನ ವರ್ಷ ಹೊಲ ಮುಸುಕಿನ ಜೋಳಕ್ಕೆ ತಿರುಗುತ್ತದೆ. ಜಲಂಧರ್‌ನಿಂದ ಬಂದ ಬಿತ್ತನೆಗೆಡ್ಡೆಗೆ ಸಾಲ ಮಾಡಿದವನಿಗೆ ಇದು ಜೀವನದ ಪ್ರಶ್ನೆ. ಗಣಿತಕ್ಕೂ ಇದೊಂದು ಪ್ರಶ್ನೆಯೇ.

ಒಂದು ಸರಳ ಮಾದರಿ ನೋಡಿ. ಆಲೂಗಡ್ಡೆ ಬಿತ್ತಿದ ಹೊಲದ ಪಾಲನ್ನು ಬಿತ್ತದೆ ಉಳಿದ ಪಾಲಿನಿಂದ ಗುಣಿಸಿ. ಬಂದದ್ದನ್ನು ‘ಉತ್ಸಾಹದ ಅಂಕಿ’ಯಿಂದ ಗುಣಿಸಿ. ಅದು ಮುಂದಿನ ವರ್ಷದ ಪಾಲು. ಅಂಕಿ 1ಕ್ಕಿಂತ ಹೆಚ್ಚಿದ್ದು 3ರೊಳಗಿದ್ದರೆ ಪಾಲು ಒಂದೆಡೆ ನೆಲೆ ನಿಲ್ಲುತ್ತದೆ. 3 ದಾಟಿದರೆ ಒಂದು ವರ್ಷ ಹೆಚ್ಚು, ಒಂದು ವರ್ಷ ಕಡಿಮೆ. 3.449 ದಾಟಿದರೆ ನಾಲ್ಕು ವರ್ಷದ ಸುತ್ತು, 3.544ಕ್ಕೆ ಎಂಟು, 3.564ಕ್ಕೆ ಹದಿನಾರು. ಸುಮಾರು 3.57ರ ಆಚೆ ಹಲವೆಡೆ ಸುತ್ತೇ ಇಲ್ಲ, ಬರೀ ಗೊಂದಲ.

ಈ ಮೆಟ್ಟಿಲುಗಳ ನಡುವಿನ ಅಂತರ ಪ್ರತಿ ಸಲವೂ ಸುಮಾರು 4.669 ಪಟ್ಟು ಕುಗ್ಗುತ್ತದೆ ಎಂಬುದನ್ನು 1975ರಲ್ಲಿ ಅಮೆರಿಕದ ಮಿಚೆಲ್ ಫೀಗನ್‌ಬಾಮ್ ಕೈಯಲ್ಲಿ ಹಿಡಿಯುವ ಕ್ಯಾಲ್ಕ್ಯುಲೇಟರಿನಲ್ಲೇ ಕಂಡರು. ಬೇರೆ ಸೂತ್ರ ಹಿಡಿದರೂ ಅದೇ ಸಂಖ್ಯೆ! ಸೂತ್ರದ ರೇಖೆ ಗುಡ್ಡದಂತೆ ಏರಿ, ನೆತ್ತಿಯಲ್ಲಿ ದುಂಡಾಗಿ, ಇಳಿದರೆ ಸಾಕು.

ಕಾರಣವೇನು? ಲೆಕ್ಕವನ್ನು ಎರಡು ವರ್ಷಕ್ಕೊಮ್ಮೆ ಮಾತ್ರ ನೋಡಿ, ನೆತ್ತಿಯ ಬಳಿಯ ಚಿತ್ರವನ್ನು ಹಿಗ್ಗಿಸಿದರೆ, ಮೊದಲಿನಂಥದೇ ಗುಡ್ಡ ಕಾಣುತ್ತದೆ. ಗೊಂದಲದ ಹೊಸ್ತಿಲಲ್ಲಿ ನಿಂತು ಇದನ್ನೇ ಮತ್ತೆ ಮತ್ತೆ ಮಾಡಿದರೆ ಮೂಲ ಸೂತ್ರದ ಗುರುತು ಅಳಿದು ಒಂದೇ ಆಕಾರ ಉಳಿಯುತ್ತದೆ. ಇದೇ ರೀನಾರ್ಮಲೈಸೇಷನ್. ಆ ಹೊಸ್ತಿಲಲ್ಲಿ ಎರಡು ವ್ಯವಸ್ಥೆಗಳ ಸ್ಥೂಲ ಕ್ರಮ ಒಂದೇ ಆದರೆ ಸೂಕ್ಷ್ಮ ಅಳತೆಗಳೂ ಹೊಂದಲೇಬೇಕು. ಈ ಬಿಗಿತಕ್ಕೆ ರಿಜಿಡಿಟಿ ಎಂದು ಹೆಸರು. ಆಸ್ಕರ್ ಲ್ಯಾನ್‌ಫೋರ್ಡ್ 1982ರಲ್ಲಿ ಕಂಪ್ಯೂಟರ್ ನೆರವಿನಿಂದ ಆ ಆಕಾರ ಇದೆಯೆಂದು ಸಾಧಿಸಿದರು. ಮುಂದೆ ಡೆನಿಸ್ ಸಲಿವನ್, ಕರ್ಟಿಸ್ ಮೆಕ್‌ಮಲೆನ್ ಸಿದ್ಧಾಂತವನ್ನು ಬೆಳೆಸಿದರು. ಮೆಕ್‌ಮಲೆನ್ ಅವರಿಗೆ 1998ರಲ್ಲಿ ಫೀಲ್ಡ್ಸ್ ಪದಕ ಸಂದಿತು.

ಇದರಿಂದ ಬರುವ ವರ್ಷದ ಧಾರಣೆ ತಿಳಿಯದು. ಮಳೆ, ಅಂಗಮಾರಿ ರೋಗ, ದಲ್ಲಾಳಿ ಯಾವುದೂ ಈ ಸೂತ್ರದಲ್ಲಿಲ್ಲ. ಆದರೆ ಒಂದು ತಿಳಿವಳಿಕೆ ಸಿಗುತ್ತದೆ: ಏರಿಳಿತಕ್ಕೆ ರೈತನ ಅವಿವೇಕವೇ ಬೇಕಿಲ್ಲ, ಎಲ್ಲರೂ ಒಂದೇ ಬೆಲೆ ನೋಡಿ ಒಟ್ಟಿಗೆ ತೀರ್ಮಾನಿಸಿದರೆ ಸಾಕು. ಉತ್ಸಾಹದ ಅಂಕಿ ತಗ್ಗಿದರೆ ತೂಗಾಟವೂ ತಗ್ಗುತ್ತದೆ. ದಾಸ್ತಾನು ವ್ಯವಸ್ಥೆ, ಬಿತ್ತನೆಯ ಸಕಾಲಿಕ ಮಾಹಿತಿ, ಮಿಶ್ರ ಬೆಳೆ ಇವುಗಳಿಂದ ಆಗಬಹುದಾದ ಕೆಲಸ ಅದೇ.