ಗೋಡೆಗೆ ಬಣ್ಣ ಬಳಿಯುವ ಮುನ್ನ

(ಚಿಕ್ಕರಸಿನಕೆರೆಯಲ್ಲಿ ನೆರೆಹೊರೆಯವರ ಸಭೆಯಲ್ಲಿ ಮಾಡಿದ ಭಾಷಣದ ಪಠ್ಯ)



ನಮ್ಮ ಬೀದಿಯ ಒಂದು ಗೋಡೆಗೆ ನಾವೆಲ್ಲರೂ ಸೇರಿ ಚಿತ್ರ ಬರೆಯೋಣವೆಂಬ ಪ್ರಸ್ತಾಪ ಇಂದು ನಮ್ಮ ಮುಂದಿದೆ. ಇದು ಮಕ್ಕಳ ಆಟವೆಂದು ಕೆಲವರಿಗೆ ತೋರಬಹುದು. ಆದರೆ 2025ರ ಸೆಪ್ಟೆಂಬರ್‌ನಲ್ಲಿ ನಮ್ಮ ತಾಲೂಕು ಕೇಂದ್ರವಾದ ಮದ್ದೂರಿನಲ್ಲಿ ಗಣೇಶ ಮೆರವಣಿಗೆಯ ವೇಳೆ ಕಲ್ಲು ತೂರಾಟ ನಡೆಯಿತು. ಮರುದಿನ ಪ್ರತಿಭಟನೆ, ಲಾಠಿ ಪ್ರಹಾರಗಳನ್ನೂ ಕಂಡೆವು. ಕಲ್ಲೆಸೆದ ಕೈ ಯಾರದೇ ಇರಲಿ, ಅದು ಖಂಡನೀಯ. ತಪ್ಪಿತಸ್ಥರನ್ನು ಶಿಕ್ಷಿಸುವುದು ಕಾನೂನಿನ ಕೆಲಸ. ಮುರಿದ ವಿಶ್ವಾಸವನ್ನು ಕಟ್ಟುವುದು ಮಾತ್ರ ನೆರೆಯವರ ಕೆಲಸ.

2009ರಲ್ಲಿ ಬೆಂಗಳೂರು ಮಹಾನಗರ ಪಾಲಿಕೆಯು ಸಿನಿಮಾ ಫಲಕಗಳ ಕಲಾವಿದರಿಂದ ನಗರದ ಗೋಡೆಗಳಿಗೆ ಚಿತ್ರ ಬರೆಸಿತು. ಫ್ಲೆಕ್ಸ್ ಹಾವಳಿಯಿಂದ ಕೆಲಸ ಕಳೆದುಕೊಂಡಿದ್ದವರಿಗೆ ಅದರಿಂದ ಅನ್ನ ಸಿಕ್ಕಿತು. ಅದು ಸ್ವಾಗತಾರ್ಹವೇ. ಆದರೆ ಅದು ಪಾಲಿಕೆಯ ಯೋಜನೆ, ಬೀದಿಯ ಯೋಜನೆಯಲ್ಲ. ನಮಗೆ ಬೇಕಾದುದು ಎರಡನೆಯದು.

ಅದಕ್ಕೆ ಪಾಠ ಪಕ್ಕದ ಚನ್ನಪಟ್ಟಣದಲ್ಲಿದೆ. ಅಲ್ಲಿನ ಗೊಂಬೆಗೆ ಕುಂಚದಿಂದ ಬಣ್ಣ ಬಳಿಯುವುದಿಲ್ಲ. ತಿರುಗುವ ಆಲೆಮರದ ತುಂಡಿಗೆ ಅರಗಿನ ಕಡ್ಡಿಯನ್ನು ಒತ್ತಿ ಹಿಡಿಯುತ್ತಾರೆ. ಉಜ್ಜಾಟದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಬಳಿಕ ತಾಳೆಗರಿಯಿಂದ ಹೊಳಪು ಕೊಡುತ್ತಾರೆ. ನಮ್ಮ ಸಭೆಗಳಲ್ಲೂ ಉಜ್ಜಾಟ ಇರುತ್ತದೆ. ಅದಕ್ಕೆ ಹೆದರಬಾರದು.

ಆದ್ದರಿಂದ ಮೊದಲು ಬಣ್ಣ ಕೊಳ್ಳುವುದು ಬೇಡ. ಮೊದಲು ಮನೆಮನೆಗೆ ಹೋಗೋಣ, ಬೇರೆ ಬೇರೆ ಸಮುದಾಯದ ಇಬ್ಬರು ಜೊತೆಯಾಗಿ ಹೋಗೋಣ. ಗೋಡೆಯ ಒಡೆಯರಿಂದ, ಸಾರ್ವಜನಿಕ ಗೋಡೆಯಾದರೆ ಪಂಚಾಯತಿಯಿಂದ, ಲಿಖಿತ ಒಪ್ಪಿಗೆ ಪಡೆಯೋಣ. ಜೀವಿಗಳ ಚಿತ್ರದ ಬಗ್ಗೆ ನಮ್ಮ ಕೆಲವು ಮನೆಗಳಲ್ಲಿ ಹಿಂಜರಿಕೆಯಿದೆ. ಅದನ್ನು ಮುಚ್ಚಿಡದೆ ಹೇಳೋಣ. ಕಬ್ಬಿನ ಗದ್ದೆ, ಆಲೆಮನೆಯ ಕೊಪ್ಪರಿಗೆ, ಶಿಂಷಾ ನದಿ, ಕನ್ನಡದ ಅಕ್ಷರ: ಎಲ್ಲರೂ ಒಪ್ಪುವ ವಸ್ತುಗಳಿಗೆ ಇಲ್ಲಿ ಬರವಿಲ್ಲ. ಹೆಂಗಸರಿಗೆ ಅನುಕೂಲವಾದ ಹೊತ್ತಿನಲ್ಲೇ ಸಭೆ ಸೇರೋಣ. ಅವರಿಲ್ಲದ ಸಭೆ ಅರ್ಧ ಊರಿನ ಸಭೆ.

ಮಳೆ ನಿಂತ ಮೇಲೆ ಹಳೆಯ ಸುಣ್ಣ ಕೆರೆದು, ಗೋಡೆ ತೊಳೆದು ಒಣಗಿಸೋಣ. ಕಾಗದದ ಚಿತ್ರವನ್ನು ಚೌಕಗಳಾಗಿ ವಿಂಗಡಿಸಿ ಗೋಡೆಗೆ ಹಿಗ್ಗಿಸಿದರೆ, ಒಂದೊಂದು ಮನೆಗೆ ಒಂದೊಂದು ಚೌಕ ಸಿಗುತ್ತದೆ. ಖರ್ಚಿನ ಲೆಕ್ಕವನ್ನು ಅಂಗಡಿಯ ಬಾಗಿಲಿಗೆ ಅಂಟಿಸೋಣ. ಗೋಡೆಯ ಮೇಲೆ ಪಕ್ಷದ ಚಿಹ್ನೆಯೂ ಬೇಡ, ದಾನಿಗಳ ಹೆಸರೂ ಬೇಡ.

ಕಾಲಭೈರವೇಶ್ವರನ ಬಸವನನ್ನು ಕಾಣಲು ದೂರದೂರುಗಳಿಂದ ಜನ ಬರುವ ಊರಿದು. ಅವರು ನಮ್ಮ ಗೋಡೆಯನ್ನೂ ನೋಡಿ ಹೋಗಲಿ. ಬಿಸಿಲು ಮಳೆಗೆ ಬಣ್ಣ ಮಾಸುವುದು ಸಹಜ. ಮಾಸಿದಾಗ ಮತ್ತೆ ಬಳಿಯಲು ಒಬ್ಬರನ್ನೊಬ್ಬರು ಕರೆಯುವಷ್ಟು ಬಳಕೆ ನಮ್ಮಲ್ಲಿ ಉಳಿದಿದ್ದರೆ, ಮದ್ದೂರಿನ ಆ ದಿನಗಳು ನಮ್ಮ ಬೀದಿಗೆ ಬಾರವು. ಮೊದಲ ಬಾಗಿಲನ್ನು ನಾಳೆಯೇ ತಟ್ಟೋಣ.